ಕಬ್ಬಿಣ ಮರೆಯೋದಿಲ್ಲ, ಅಂಟು ಬಿಡುತ್ತೆ

ಮೊದಲೇ ಹೇಳಿಬಿಡ್ತೀನಿ, ಇದು ಸ್ವಲ್ಪ ಜಗಳದ ಬರಹ. ಜಗಳ ಯಾರ ಜೊತೆ ಅಂದ್ರೆ, "ಟೇಪಾ? ಅದನ್ನ ಇನ್ನೂ ಇಟ್ಕೊಂಡಿದೀರಾ?" ಅಂತ ಹುಬ್ಬೇರಿಸೋ ಪ್ರತಿಯೊಬ್ಬರ ಜೊತೆ. ಅದರಲ್ಲಿ ನಮ್ಮ ಆಫೀಸಿನ ಹುಡುಗರೂ ಇದ್ದಾರೆ, ಊರಲ್ಲಿರೋ ನಮ್ಮ ದೊಡ್ಡಪ್ಪನೂ ಇದ್ದಾರೆ. ಇಬ್ಬರಿಗೂ ಬೇರೆಬೇರೆ ಉತ್ತರ ಕೊಡಬೇಕು, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ. ಕಾಫಿ ತಗೊಂಡು ಬನ್ನಿ :)

ನ್ಯಾನೋ ಅಂದ್ರೆ ನಮ್ಮಲ್ಲಿ ಒಂದೋ ನಿಂತುಹೋದ ಕಾರು, ಇಲ್ಲಾ ಯಾವುದೋ ಕ್ರೀಮಿನ ಜಾಹೀರಾತು. ಮಿಶ್ರಲೋಹದ ನ್ಯಾನೋ ಕಣಗಳನ್ನ ತೆಳು ಪಾಲಿಮರ್ ಪದರದೊಳಗೆ ಹುದುಗಿಸಿ, ಅದರ ಕಾಂತಗುಣ ಅಳೆದು ಬರೆದ ಪ್ರಬಂಧಗಳನ್ನ ಓದಿದ್ರೆ ಇದೇನೋ ನಾಳಿನ ವಿಷಯ ಅನ್ನಿಸುತ್ತೆ. ಆದ್ರೆ ಆ ವಸ್ತು ಎಷ್ಟೋ ವರ್ಷಗಳಿಂದ ಸುರುಳಿ ಸುತ್ತಿಕೊಂಡು ಕಂಪ್ಯೂಟರ್ ಕೋಣೆಗಳಲ್ಲಿ, ಟಿವಿ ಸ್ಟುಡಿಯೋಗಳಲ್ಲಿ ಕೂತಿದೆ. ಅದರ ಹತ್ತಿರದ ನೆಂಟ ನಮ್ಮ ನಿಮ್ಮ ಮನೆಯ ಟ್ರಂಕಿನಲ್ಲೇ ಇದೆ. ಎಂಜಿನಿಯರಿಂಗಿನಲ್ಲಿ ನಾವೆಲ್ಲ ಹಿಸ್ಟರಿಸಿಸ್ ಲೂಪು ಬರೆದವರೇ. ಚೆಂದ ಚಿತ್ರ ಬಿಡಿಸಿ, ಬಾಣದ ಗುರುತು ಹಾಕಿ, ಐದು ಅಂಕ ತಗೊಂಡು ಮರೆತವರೇ. ಆ ಲೂಪಿನ ಅಗಲದಲ್ಲೇ ಒಂದಿಡೀ ತಲೆಮಾರಿನ ಹಾಡು, ಭಾಷಣ, ತಾಳಮದ್ದಳೆ ಎಲ್ಲ ಅಡಗಿ ಕೂತಿದೆ ಅಂತ ಕ್ಲಾಸಿನಲ್ಲಿ ಯಾರೂ ಹೇಳಲಿಲ್ಲ ನೋಡಿ.

ಟೇಪಿನ ಕತೆ ಶುರುವಾಗಿದ್ದೇ ತಮಾಷೆಯಾಗಿ. ಜರ್ಮನಿಯಲ್ಲಿ ಫ್ರಿಟ್ಸ್ ಫ್ಲಾಯ್ಮರ್ ಅನ್ನೋ ಎಂಜಿನಿಯರ್ ಸಿಗರೇಟಿನ ಕಾಗದಕ್ಕೆ ಚಿನ್ನದ ಬಣ್ಣದ ಲೋಹದ ಪುಡಿ ಅಂಟಿಸೋ ಕೆಲಸ ಕಲಿತಿದ್ದ. ಅದೇ ಅಂಟಿಸೋ ವಿದ್ಯೆಯಿಂದ ಕಾಗದದ ಪಟ್ಟಿಗೆ ಕಬ್ಬಿಣದ ಪುಡಿ ಮೆತ್ತಿ, 1928ರಲ್ಲಿ ಧ್ವನಿ ಮುದ್ರಿಸೋ ಟೇಪಿಗೆ ಪೇಟೆಂಟ್ ಪಡೆದ. 1935ರ ಬರ್ಲಿನ್ ರೇಡಿಯೋ ಪ್ರದರ್ಶನದಲ್ಲಿ ಎಇಜಿ ಕಂಪನಿಯ ಮ್ಯಾಗ್ನೆಟೋಫೋನ್ ಬಂತು, ಅದಕ್ಕೆ ಪ್ಲಾಸ್ಟಿಕ್ ಟೇಪು ಮಾಡಿಕೊಟ್ಟಿದ್ದು ಬಿಎಎಸ್ಎಫ್. ಫಿಲಿಪ್ಸ್ ಕಂಪನಿಯ ಪುಟ್ಟ ಕ್ಯಾಸೆಟ್ಟು 1963ರದ್ದು. ಇಷ್ಟು ವರ್ಷದಲ್ಲಿ ಪುಡಿ ಬದಲಾಯ್ತು, ಪಟ್ಟಿ ಬದಲಾಯ್ತು. ಪುಡಿಯನ್ನ ಅಂಟಿನಲ್ಲಿ ಕಲಸಿ ಪಟ್ಟಿಗೆ ಬಳಿಯೋ ಉಪಾಯ ಮಾತ್ರ ಹಾಗೇ ಉಳಿಯಿತು.

ಆ ಪುಡಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಮನೆಗಳಲ್ಲಿದ್ದ ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಇರೋದು ಐರನ್ ಆಕ್ಸೈಡ್, ಅಂದ್ರೆ ತುಕ್ಕಿನ ದಾಯಾದಿ. ಅದಕ್ಕೇ ಆ ಕಂದು ಬಣ್ಣ. ಒಂದೊಂದು ಕಣವೂ ಸೂಜಿಯಾಕಾರ, ಉದ್ದ ಅರ್ಧ ಮೈಕ್ರಾನಿನ ಆಸುಪಾಸು. ಇಷ್ಟು ಚಿಕ್ಕದಾದಾಗ ಒಂದು ಕಣ ಅಂದ್ರೆ ಒಂದೇ ಅಯಸ್ಕಾಂತ, ಒಳಗೆ ಪಾಲುಪಟ್ಟಿ ಇಲ್ಲ. ಉತ್ತರ ಈ ತುದಿಗಿರಬೇಕು, ಇಲ್ಲಾ ಆ ತುದಿಗಿರಬೇಕು. ತಿರುಗಿಸೋಕೆ ಹೊರಗಿಂದ ಎಷ್ಟು ಜೋರಾದ ಕಾಂತಕ್ಷೇತ್ರ ಬೇಕು ಅನ್ನೋದಕ್ಕೆ ಪುಸ್ತಕದಲ್ಲಿ ಕೋಅರ್ಸಿವಿಟಿ ಅಂತಾರೆ, ನಾನು ಹಠ ಅಂತೀನಿ. ಸಾಮಾನ್ಯ ಕ್ಯಾಸೆಟ್ಟಿನ ಹಠ ಸುಮಾರು 300-400 ಓರ್ಸ್ಟೆಡ್. 1970ರ ದಶಕದ ಕೊನೆಗೆ ಬಂದ ಮೆಟಲ್ ಟೇಪುಗಳದ್ದು ಸಾವಿರದ ಮೇಲೆ. ಕಂಪ್ಯೂಟರ್ ಬ್ಯಾಕಪ್ಪಿನ ಎಲ್‌ಟಿಓ ಟೇಪುಗಳದ್ದು ಎರಡು ಸಾವಿರವನ್ನೂ ದಾಟಿತು.

ಈ ಮೆಟಲ್ ಟೇಪಿನಲ್ಲೇ ಮಿಶ್ರಲೋಹ ಬರೋದು. ಆಕ್ಸೈಡಿಗಿಂತ ಅಪ್ಪಟ ಕಬ್ಬಿಣದ ಕಾಂತಶಕ್ತಿ ಬಹಳ ಜಾಸ್ತಿ, ಸರಿ. ಆದ್ರೆ ಅಷ್ಟು ನುಣ್ಣಗಿನ ಕಬ್ಬಿಣದ ಪುಡಿ ಗಾಳಿ ಸೋಕಿದ್ರೆ ಸಾಕು, ತಾನೇ ಹೊತ್ತಿ ಉರಿಯುತ್ತೆ! ಹಾಗಾಗಿ ಅದಕ್ಕೆ ಕೋಬಾಲ್ಟ್ ಬೆರೆಸ್ತಾರೆ, ಕಣದ ಮೇಲೆ ಅಲ್ಯುಮಿನಿಯಂ, ಇಟ್ರಿಯಂ ಇತ್ಯಾದಿ ಸೇರಿದ ಆಕ್ಸೈಡಿನ ತೆಳು ಕವಚ ಬೆಳೆಸ್ತಾರೆ. ಕೋಬಾಲ್ಟ್ ಸೇರಿದ್ರೆ ಇನ್ನೊಂದು ಲಾಭ. ಮೂರರಲ್ಲಿ ಎರಡು ಪಾಲು ಕಬ್ಬಿಣ, ಒಂದು ಪಾಲು ಕೋಬಾಲ್ಟ್ ಹತ್ತಿರ ಬಂದಾಗ ಕಾಂತಶಕ್ತಿ ಕಬ್ಬಿಣವನ್ನೂ ಮೀರಿಸುತ್ತೆ, ಸುಮಾರು 2.4 ಟೆಸ್ಲಾ. ಕಬ್ಬಿಣದ್ದು 2.15. ಬೇರೆಯವರ ಜೊತೆ ಸೇರಿ ತನಗಿಂತ ಜೋರಾಗೋ ಗುಣ, ನಮ್ಮ ಪ್ರಾಜೆಕ್ಟ್ ಟೀಮುಗಳಲ್ಲಿ ಕಂಡಿದ್ದು ಕಮ್ಮಿ.

ಈಗ ನನಗೆ ತುಂಬಾ ಇಷ್ಟವಾದ ಲೆಕ್ಕ. ಕಣದ ನೆನಪು ಎಷ್ಟು ದಿನ ಉಳಿಯುತ್ತೆ? ಒಂದು ಕೆರೆ ಏರಿಯನ್ನ ಊಹಿಸಿಕೊಳ್ಳಿ. ಈಚೆ ನೀರು, ಆಚೆ ತಗ್ಗು. ಕಣದ ಕಾಂತ ದಿಕ್ಕು ಬದಲಾಯಿಸೋದು ಅಂದ್ರೆ ಏರಿ ದಾಟಿದ ಹಾಗೆ. ಏರಿಯ ಎತ್ತರ ಕಣದ ಗಾತ್ರವನ್ನ ಅವಲಂಬಿಸಿದೆ. ಬಿಸಿ ಅನ್ನೋದು ಅಲೆ, ಸೆಕೆಂಡಿಗೆ ಹೆಚ್ಚುಕಮ್ಮಿ ನೂರು ಕೋಟಿ ಸಲ ಬಡಿಯುತ್ತಲೇ ಇರುತ್ತೆ. ಫ್ರಾನ್ಸಿನ ಲೂಯಿ ನೀಲ್ (1970ರಲ್ಲಿ ನೊಬೆಲ್ ಬಂತು) ಕೊಟ್ಟ ಸೂತ್ರದಲ್ಲಿ ಏರಿಯ ಎತ್ತರ ಅಲೆಯ 25 ಪಟ್ಟು ಅಂತ ಹಾಕಿದ್ರೆ ನೆನಪಿನ ಆಯಸ್ಸು ಸುಮಾರು 72 ಸೆಕೆಂಡು. 40 ಪಟ್ಟು ಆದ್ರೆ ಏಳೂವರೆ ವರ್ಷ. 60 ಪಟ್ಟು ಆದ್ರೆ 360 ಕೋಟಿ ವರ್ಷ! ಭೂಮಿಯ ವಯಸ್ಸೇ 450 ಕೋಟಿ ಚಿಲ್ಲರೆ. 25ರಿಂದ 60ಕ್ಕೆ ಹೋಗೋಕೆ ಕಣ ಎಷ್ಟು ದೊಡ್ಡದಾಗಬೇಕು ಗೊತ್ತಾ? ಅಡ್ಡಳತೆ ಬರೀ ಮೂರನೇ ಒಂದು ಭಾಗ ಹೆಚ್ಚಿದ್ರೆ ಸಾಕು. 10 ನ್ಯಾನೋಮೀಟರಿನ ಕಣ ಒಂದು ನಿಮಿಷದಲ್ಲಿ ಮರೆತರೆ, ಅದೇ ವಸ್ತುವಿನ 13.4 ನ್ಯಾನೋಮೀಟರಿನ ಕಣ ಮರೆಯೋದೇ ಇಲ್ಲ. ಬೇಕಾದ್ರೆ ಕ್ಯಾಲ್ಕುಲೇಟರ್ ಹಿಡಿದು ನೋಡಿ, ನಾನು ಮೂರು ಸಲ ಮಾಡಿ ನೋಡಿದೆ.

ಟ್ರಂಕಿನಲ್ಲಿರೋ ಕ್ಯಾಸೆಟ್ಟಿನ ಕಣಗಳು ಈ ಗಡಿಗಿಂತ ಬಹಳ ದೊಡ್ಡವು. ಕಬ್ಬಿಣವೇ ತನ್ನ ಕಾಂತತ್ವ ಬಿಡೋದು 770 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಟೇಪಿನ ಪಾಲಿಯೆಸ್ಟರ್ ಪಟ್ಟಿ 260ರ ಹೊತ್ತಿಗೇ ಕರಗಿ ನೀರಾಗಿರುತ್ತೆ. ಹಾಗಾಗಿ "ಹಳೇ ಟೇಪಿನ ಕಾಂತ ಹೊರಟುಹೋಗಿರುತ್ತೆ, ಏನೂ ಸಿಗಲ್ಲ" ಅನ್ನೋ ಮಾತು ಬಹುಪಾಲು ಸುಳ್ಳು.

ಬಹುಪಾಲು ಅಂದೆ. ಯಾಕಂದ್ರೆ ಯಾವ ಕಾರ್ಖಾನೆಯೂ ಎಲ್ಲ ಕಣಗಳನ್ನೂ ಒಂದೇ ಅಳತೆಗೆ ಮಾಡೋಕಾಗಲ್ಲ. ಪುಡಿಯಲ್ಲಿ ಒಂದಷ್ಟು ತೀರಾ ಪುಟಾಣಿಗಳೂ ಸೇರಿಕೊಂಡಿರ್ತವೆ. ಅವಕ್ಕೆ ಸ್ವಂತ ಬುದ್ಧಿ ಇಲ್ಲ, ಪಕ್ಕದವರು ಹೇಳಿದ್ದನ್ನೇ ಹೇಳ್ತವೆ. ಸುರುಳಿಯಲ್ಲಿ ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಕೂತಿರುತ್ತಲ್ಲ, ಪಕ್ಕದ ಸುತ್ತಿನ ಕ್ಷೀಣ ಕಾಂತಕ್ಷೇತ್ರ ವರ್ಷಗಟ್ಟಲೆ ತಾಗಿ ತಾಗಿ ಈ ಪುಟಾಣಿಗಳು ಅದರ ಕಡೆ ವಾಲ್ತವೆ. ನಮ್ಮ ದೊಡ್ಡಪ್ಪನ ಹತ್ರ ಇರೋ ಒಂದು ಯಕ್ಷಗಾನದ ಕ್ಯಾಸೆಟ್ಟಿನಲ್ಲಿ ಭಾಗವತರು ಬಾಯಿ ತೆರೆಯೋ ಎರಡು ಸೆಕೆಂಡು ಮುಂಚೆ ಅದೇ ಪದ, ಅದೇ ಸ್ವರ, ದೂರದ ಗುಡ್ಡದಾಚೆಯಿಂದ ಬಂದ ಹಾಗೆ ತೆಳ್ಳಗೆ ಕೇಳುತ್ತೆ. ಮೈ ಜುಂ ಅನ್ನುತ್ತೆ ರೀ! ದೆವ್ವಗಿವ್ವ ಏನಿಲ್ಲ. ಸುರುಳಿಯ ಒಂದು ಸುತ್ತಿನ ಉದ್ದವನ್ನ ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಿಂದ ಭಾಗಿಸಿ, ಒಳಸುತ್ತಿಗೆ ಒಂದೂವರೆ ಸೆಕೆಂಡು, ಹೊರಸುತ್ತಿಗೆ ಮೂರು ಚಿಲ್ಲರೆ ಬರುತ್ತೆ. ಭಾಗವತರ ದನಿ ಅಷ್ಟು ಮುಂಚೆ ಪಕ್ಕದ ಸುತ್ತಿನಿಂದ ಸೋರಿ ಬಂದಿದೆ, ಅಷ್ಟೇ. ಸಿ-120 ಕ್ಯಾಸೆಟ್ಟಿನಲ್ಲಿ ಇದು ಜಾಸ್ತಿ, ಅದರ ಟೇಪು ಬರೀ 9 ಮೈಕ್ರಾನ್ ದಪ್ಪ, ಸಿ-60ರ ಅರ್ಧ. ಇಡೀ ರಾತ್ರಿ ಆಟ ಮುದ್ರಿಸೋರು ಕೊಳ್ತಿದ್ದದ್ದೂ ಅದನ್ನೇ, ಏನ್ಮಾಡೋಣ.

ಬಿಸಿ ಹೆಚ್ಚಾದಷ್ಟೂ ಈ ಸೋರಿಕೆ ಹೆಚ್ಚು. ಏರಿ 40 ಪಟ್ಟು ಇರೋ ಕಣವನ್ನೇ 25 ಡಿಗ್ರಿಯಿಂದ 45 ಡಿಗ್ರಿಗೆ ಒಯ್ದರೆ, ಉಳಿದದ್ದೆಲ್ಲ ಹಾಗೇ ಇದ್ದರೂ ಅದು ಸುಮಾರು ಹನ್ನೆರಡು ಪಟ್ಟು ಬೇಗ ಮರೆಯುತ್ತೆ. ನಮ್ಮ ಮಲೆನಾಡಿನವರ ಪಾಡು ನೋಡಿ. ಕಪಾಟಿನಲ್ಲಿಟ್ರೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತೆ, ಬೇಡ ಅಂತ ಒಲೆ ಮೇಲಿನ ಅಟ್ಟಕ್ಕೆ ಹಾಕಿದ್ರೆ ಪುಟಾಣಿ ಕಣಗಳು ಪಕ್ಕದ ಮನೆ ಸುದ್ದಿ ಕಲಿತವೆ!

ಸರಿ, ಕಬ್ಬಿಣ ಮರೆಯೋದಿಲ್ಲ. ಹಾಗಾದ್ರೆ ಟೇಪು ಹಾಳಾಗೋದು ಯಾಕೆ? ಇಲ್ಲಿಗೆ ನನ್ನ ನಿಜವಾದ ತಕರಾರು ಬಂತು. ಈ ವಸ್ತುವಿನ ಬಗ್ಗೆ ಮಾತಾಡುವಾಗ ಎಲ್ಲರ ಕಣ್ಣೂ ಲೋಹದ ಮೇಲೆ, ಪಾಲಿಮರನ್ನ ಕೇಳೋರಿಲ್ಲ. ನಾನು ಓದಿದ ಪ್ರಬಂಧಗಳಲ್ಲಿ ಅದಕ್ಕೆ ಒಂದು ಸಾಲು ಸಿಕ್ಕಿದ್ರೆ ಹೆಚ್ಚು, ಹಪ್ಪಳದ ಕೆಳಗಿನ ಪೇಪರ್ ಥರ. ಆದ್ರೆ ಕೆಲಸ ಎಲ್ಲ ಅದರದ್ದೇ. ಬಿಸಿನೀರಿಗೆ ರವೆ ಒಟ್ಟಿಗೆ ಸುರಿದ್ರೆ ಉಪ್ಪಿಟ್ಟು ಗಂಟಾಗುತ್ತಲ್ಲ, ಕಾಂತದ ಪುಡಿ ಅದಕ್ಕಿಂತ ಕೆಟ್ಟದ್ದು, ಒಂದಕ್ಕೊಂದು ಎಳೆದುಕೊಂಡು ಗಂಟು ಕಟ್ಟೋದೇ ಅದರ ಸ್ವಭಾವ. ಅವನ್ನ ಬಿಡಿಬಿಡಿಯಾಗಿ ದೂರ ಇಡೋದು ಪಾಲಿಮರ್. ಹಸಿಯಾಗಿದ್ದಾಗ ಹೊರಗಿಂದ ಕಾಂತಕ್ಷೇತ್ರ ಹಾಕಿ ಸೂಜಿಗಳನ್ನೆಲ್ಲ ಒಂದೇ ದಿಕ್ಕಿಗೆ ಮಲಗಿಸಿದ್ರೆ, ಒಣಗಿದ ಮೇಲೆ ಹಾಗೇ ಹಿಡಿದಿಡೋದೂ ಅದೇ. ಗಾಳಿ, ನೀರು ಲೋಹಕ್ಕೆ ತಾಗೋದನ್ನ ತಡ ಮಾಡೋದೂ ಅದೇ. ಕಣಗಳ ನಡುವಿನ ಅಂತರ ಬದಲಾದ್ರೆ ಇಡೀ ಪದರದ ಕಾಂತಗುಣವೇ ಬದಲಾಗುತ್ತೆ. 2000ದಲ್ಲಿ ಐಬಿಎಂನವರು ಕಬ್ಬಿಣ-ಪ್ಲಾಟಿನಂ ಕಣಗಳನ್ನ 4 ನ್ಯಾನೋಮೀಟರ್ ಹತ್ತಿರದ ಅಳತೆಗೆ, ಹೆಚ್ಚುಕಮ್ಮಿ ಒಂದೇ ಗಾತ್ರಕ್ಕೆ ಮಾಡಿ ತೋರಿಸಿದ್ರು. ಅಷ್ಟು ಪುಟ್ಟ ಕಣವೂ ಮರೆಯದಷ್ಟು ಹಠದ ಮಿಶ್ರಲೋಹ ಅದು. ಆದ್ರೆ ಆ ಹಠ ಬರಿಸೋಕೆ 500 ಡಿಗ್ರಿ ದಾಟಿ ಕಾಯಿಸಬೇಕು, ಅಷ್ಟೊತ್ತಿಗೆ ಕಣಗಳ ನಡುವೆ ಇದ್ದ ಸಾವಯವ ಪದರ ಸುಟ್ಟು ಕರಿಯಾಗಿ ಕಣಗಳು ಒಂದಕ್ಕೊಂದು ಬೆಸೆಯೋಕೆ ಶುರು. ಅಲ್ಲೂ ತೊಡಕಾಗಿದ್ದು ಲೋಹ ಅಲ್ಲ.

ಟೇಪಿನ ಅಂಟು ಸಾಮಾನ್ಯವಾಗಿ ಪಾಲಿಯುರಿಥೇನ್. ಅದಕ್ಕೆ ತೇವ ಅಂದ್ರೆ ಆಗಲ್ಲ. ನೀರಿನ ಅಣು ಒಳಗೆ ಸೇರಿ ಅದರ ಉದ್ದನೆಯ ಸರಪಳಿಯನ್ನ ಕೊಂಡಿ ಕೊಂಡಿಯಾಗಿ ಕತ್ತರಿಸುತ್ತೆ. ಆಮೇಲೆ ಟೇಪು ಬೆಲ್ಲದ ಪಾಕದ ಹಾಗೆ ಜಿಗುಟು. ಓಡಿಸಿದ್ರೆ ಹೆಡ್ಡಿಗೆ ಅಂಟಿ ಕಿರ್ರ್ ಅನ್ನುತ್ತೆ, ಕಂದು ಪುಡಿ ಉದುರುತ್ತೆ. ಆ ಪುಡಿಯಲ್ಲೇ ದನಿ ಇರೋದು, ಮರೀಬೇಡಿ. 1970-80ರ ದಶಕದ ಆಂಪೆಕ್ಸ್ ಕಂಪನಿಯ ದೊಡ್ಡ ಸ್ಪೂಲುಗಳು ಈ ರೋಗಕ್ಕೆ ಹೆಸರುವಾಸಿ. ಅದಕ್ಕೆ ಮದ್ದು ಅಂದ್ರೆ 50-55 ಡಿಗ್ರಿಯಲ್ಲಿ ಎಂಟು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಹದವಾಗಿ ಕಾಯಿಸೋದು. ಒಂದಷ್ಟು ದಿನ ಸರಿಯಾಗಿ ಓಡುತ್ತೆ, ಅಷ್ಟರಲ್ಲಿ ನಕಲು ತೆಗೀಬೇಕು. ಇದನ್ನ ಓದಿ ಅಡುಗೆಮನೆ ಓವನ್ನಿಗೆ ಕ್ಯಾಸೆಟ್ಟು ಹಾಕಿಬಿಟ್ಟೀರ! ಹಳೇ ಅಸಿಟೇಟ್ ಟೇಪಿಗಂತೂ ಅದು ಮದ್ದಲ್ಲ, ಕೊಲೆ. ನಮ್ಮ ಮನೆಯ ಮಾಮೂಲಿ ಕ್ಯಾಸೆಟ್ಟುಗಳಿಗೆ ಈ ಜಿಗುಟು ರೋಗ ಕಮ್ಮಿ, ಅವಕ್ಕೆ ಶತ್ರು ಬೂಸ್ಟು, ಕಳಚಿ ಬೀಳೋ ಪ್ರೆಷರ್ ಪ್ಯಾಡು, ತುಂಡಾದ ತುದಿ. ಮತ್ತೆ ಎಲ್ಲಕ್ಕಿಂತ ದೊಡ್ಡದು, ಓಡಿಸೋಕೆ ಯಂತ್ರವೇ ಇಲ್ಲದಿರೋದು.

ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಭಂಡಾರದವರು 2015ರಲ್ಲೇ ಗಡುವು ಕೊಟ್ಟಿದ್ರು, 2025ರೊಳಗೆ ಡಿಜಿಟಲ್ ಆಗದ ಟೇಪು ಬಹುತೇಕ ಕೈಬಿಟ್ಟ ಹಾಗೆ ಅಂತ. 2025 ಬಂದೇಬಿಡ್ತು. ನಮ್ಮಲ್ಲಿ ಎಷ್ಟೋ ಮನೆಯ ಟ್ರಂಕು ಇನ್ನೂ ತೆರೆದಿಲ್ಲ.

ಈಗ ಆಫೀಸಿನ ಹುಡುಗರಿಗೆ ಉತ್ತರ. 2011ರ ಫೆಬ್ರವರಿಯಲ್ಲಿ ಜಿಮೇಲಿನ ಸುಮಾರು 0.02 ಶೇಕಡಾ ಬಳಕೆದಾರರ ಅಂಚೆಪೆಟ್ಟಿಗೆ ರಾತ್ರೋರಾತ್ರಿ ಖಾಲಿ ಕಾಣಿಸ್ತು. ಒಂದು ತಂತ್ರಾಂಶ ದೋಷ ಬೇರೆಬೇರೆ ಡೇಟಾ ಸೆಂಟರಿನ ಪ್ರತಿಗಳನ್ನೂ ತಿಂದಿತ್ತು. ಕೊನೆಗೆ ಅವರ ಪತ್ರ ವಾಪಸ್ ಬಂದಿದ್ದು ಟೇಪಿನಿಂದ. ಕಪಾಟಿನಲ್ಲಿ ಸುಮ್ಮನೆ ಮಲಗಿರೋದನ್ನ ಯಾವ ಬಗ್ಗೂ ಮುಟ್ಟೋಕಾಗಲ್ಲ ನೋಡಿ. 2021ರಲ್ಲಿ ಬಂದ ಎಲ್‌ಟಿಓ-9 ಟೇಪು ಒಂದರಲ್ಲಿ 18 ಟೆರಾಬೈಟ್ ಹಿಡಿಯುತ್ತೆ. ಅದರಲ್ಲಿ ಈಗ ಕಬ್ಬಿಣ-ಕೋಬಾಲ್ಟ್ ಇಲ್ಲ, ಬೇರಿಯಂ ಫೆರೈಟ್ ಇದೆ, ಅದು ಮೊದಲೇ ಆಕ್ಸೈಡ್, ಇನ್ನು ತುಕ್ಕು ಹಿಡಿಯೋ ಮಾತಿಲ್ಲ. ಸತ್ತ ತಂತ್ರಜ್ಞಾನ ಅಂತೆ!

ದೊಡ್ಡಪ್ಪನಿಗೆ ಕೊಡೋ ಉತ್ತರ ಕಷ್ಟದ್ದು. "ಅದೆಲ್ಲಾ ಈಗ ಯೂಟ್ಯೂಬಲ್ಲಿ ಸಿಗ್ತಲ ತಮಾ" ಅಂತಾರೆ. ಸಿನಿಮಾ ಹಾಡು ಸಿಗುತ್ತೆ, ಒಪ್ತೀನಿ. ಕಂಪನಿಗಳು ಮಾರಿದ ಕ್ಯಾಸೆಟ್ಟು ಒಂದಲ್ಲ ಒಂದು ಮನೆಯಲ್ಲಿ ಉಳಿದಿರುತ್ತೆ. ಆದ್ರೆ ಊರ ಆಟದಲ್ಲಿ ಯಾರೋ ಕಂಬಕ್ಕೆ ಮೈಕು ಕಟ್ಟಿ ಮುದ್ರಿಸಿದ್ದು? ಅದು ಒಂದೇ ಪ್ರತಿ. ಕಾಳಿಂಗ ನಾವಡರು ತೀರಿಕೊಂಡಿದ್ದು 1990ರಲ್ಲಿ, ನಾನಿನ್ನೂ ಹುಟ್ಟಿರಲಿಲ್ಲ. ನನ್ನ ಪಾಲಿಗೆ ಅವರು ಅಂದ್ರೆ ಟೇಪಿನಲ್ಲಿ ಉಳಿದಷ್ಟೇ. ತಾಳಮದ್ದಳೆಯದ್ದು ಇನ್ನೂ ಸೂಕ್ಷ್ಮ. ಪದ ಪುಸ್ತಕದಲ್ಲಿದೆ, ಅರ್ಥ ಆ ರಾತ್ರಿಯದ್ದು. ಶೇಣಿ ಗೋಪಾಲಕೃಷ್ಣ ಭಟ್ಟರು (2006ರಲ್ಲಿ ಹೋದರು) ಒಂದು ರಾತ್ರಿ ಎದುರಾಳಿಗೆ ಕೊಟ್ಟ ಉತ್ತರ ಇನ್ನೊಂದು ರಾತ್ರಿ ಅದೇ ಇರಬೇಕಾಗಿಲ್ಲ. ಆ ರಾತ್ರಿಯ ಟೇಪು ಉದುರಿ ಹೋದ್ರೆ ಆ ಮಾತು ಹೋಯ್ತು, ಬೇರೆ ಎಲ್ಲೂ ಇಲ್ಲ.

ಅದಕ್ಕೇ ನನ್ನ ಅಭಿಪ್ರಾಯ ಸ್ವಲ್ಪ ಒರಟಾಗೇ ಹೇಳ್ತೀನಿ. ಸರಕಾರ ಮಾಡಲಿ, ಅಕಾಡೆಮಿ ಮಾಡಲಿ ಅಂತ ಕಾಯೋದು ಬಿಡಿ, ಅಂಟು ಯಾರಿಗೂ ಕಾಯಲ್ಲ. ಒಂದು ಒಳ್ಳೇ ಡೆಕ್ಕು, ಒಂದು ಯುಎಸ್‌ಬಿ ಸೌಂಡ್ ಕಾರ್ಡು ಸಾಕು. 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಸಂಕುಚಿಸದೇ ಇಟ್ರೆ ಒಂದು ಸಿ-90ಗೆ 3 ಜಿಬಿ ಚಿಲ್ಲರೆ. ಜಾಗ ಉಳಿಸ್ತೀನಿ ಅಂತ ನೇರ ಎಂಪಿ3 ಮಾಡಬೇಡಿ, ಅದನ್ನ ಆಮೇಲೆ ವಾಟ್ಸಾಪಿಗೆ ಮಾಡ್ಕೊಳ್ಳಿ. ಓಡಿಸೋ ಮುಂಚೆ ಒಂದೆರಡು ಸಲ ಪೂರ್ತಿ ಹಿಂದೆ ಮುಂದೆ ಸುತ್ತಿ, ಆ ಸೋರಿದ ದನಿ ಸ್ವಲ್ಪ ತಗ್ಗುತ್ತೆ. ಪ್ರತಿ ಕ್ಯಾಸೆಟ್ಟಿಗೂ ಹೆಡ್ಡಿನ ಓರೆ ತಿರುಪನ್ನ ತಾಳದ ಸದ್ದು ಚುರುಕಾಗೋ ತನಕ ತಿರುಗಿಸಿ, ಇದೊಂದೇ ಕೆಲಸಕ್ಕೆ ಅರ್ಧ ಗುಣಮಟ್ಟ ನಿಂತಿದೆ. ಎಐ ಹಾಕಿ ಗೊರಗೊರ ತೆಗೀತೀನಿ ಅನ್ನೋರು ಮೂಲ ಪ್ರತಿಯನ್ನ ಮುಟ್ಟದೇ ಪಕ್ಕದಲ್ಲಿ ಇನ್ನೊಂದು ಕಡತ ಮಾಡಿ. ಗೊರಗೊರದ ಜೊತೆ ಚೆಂಡೆಯ ತುದಿಯೂ ಹೋಗಿರುತ್ತೆ. ಇನ್ನು ಡಿಜಿಟಲ್ ಆಯ್ತು ಅಂತ ಕ್ಯಾಸೆಟ್ಟು ಗುಜರಿಗೆ ಹಾಕೋರಿದ್ದಾರಲ್ಲ, ಅವರ ಮೇಲೆ ನನಗೆ ನಿಜಕ್ಕೂ ಸಿಟ್ಟು. ಮುಂದೆ ಇನ್ನೂ ಒಳ್ಳೇ ಯಂತ್ರ ಬಂದೀತು, ಕಣಗಳಂತೂ ಅಲ್ಲೇ ಇರ್ತವೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ, ತಂಪಾದ ಒಣ ಜಾಗ, ಸ್ಪೀಕರಿನಿಂದ ಒಂದು ಮೊಳ ದೂರ. ಇಷ್ಟು ಕೇಳೋದು ಅದು.

ನ್ಯಾನೋ ಸಂಶೋಧನೆ ಮಾಡೋ ಗೆಳೆಯರಿಗೂ ಒಂದು ಮಾತು. ಹೊಸ ಪದರ ಮಾಡಿ ಮೊದಲ ವಾರದ ಲೂಪು ಅಳೆದು ಪ್ರಕಟಿಸ್ತೀರಿ, ಸಂತೋಷ. ಅದೇ ಪದರವನ್ನ ಎರಡು ಮಳೆಗಾಲ ಹೊನ್ನಾವರದ ಒಂದು ಹೆಂಚಿನ ಮನೆಯಲ್ಲಿಟ್ಟು ಮತ್ತೊಮ್ಮೆ ಅಳೆದು ನೋಡಿ. ಆ ಎರಡನೇ ಗ್ರಾಫು ಓದೋಕೆ ನಾನು ಕಾದಿರ್ತೀನಿ.

ದೊಡ್ಡಪ್ಪನ ಟ್ರಂಕಿನಲ್ಲಿ ಒಟ್ಟು 140 ಇವೆ, ಇಲ್ಲಿ ತನಕ 31 ಮುಗಿದಿದೆ. ಮೂವತ್ತೆರಡನೆಯದರ ಮೇಲೆ ಅವರದೇ ಅಕ್ಷರದಲ್ಲಿ "ವಾಲಿ ವಧೆ. ನಡುವೆ ಕರೆಂಟು ಹೋತು" ಅಂತಷ್ಟೇ ಇದೆ. ಊರಿಲ್ಲ, ತಾರೀಕಿಲ್ಲ. ಕೇಳಿದ್ರೆ "ದನಿ ಕೇಳಿದ್ರೆ ಹೇಳ್ತೆ" ಅಂದರು. ಅಷ್ಟರಲ್ಲಿ ನನ್ನ ಡೆಕ್ಕಿನ ಬೆಲ್ಟು ಕೈಕೊಟ್ಟಿದೆ, ಎಸ್.ಪಿ. ರೋಡು ಎರಡು ಸಲ ಸುತ್ತಿದ್ದಾಯ್ತು. 70 ಮಿಲಿಮೀಟರ್ ಹತ್ತಿರದ ಚೌಕ ಅಂಚಿನ ಬೆಲ್ಟು ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ದವರು ದಯವಿಟ್ಟು ಕೆಳಗೆ ಬರೀರಿ.